ಸಾಕಿದ ಬಿಯರ್ಡೆಡ್ ಡ್ರ್ಯಾಗನ್ ಊಟ ಬಿಟ್ಟಿದೆಯೇ? ಆಸ್ಪತ್ರೆಗೆ ಹೊರಡುವ ಮೊದಲು ತಿಳಿಯಬೇಕಾದ್ದಿಷ್ಟು

ಹೈದರಾಬಾದ್: ನಾಯಿ ಊಟ ಬಿಟ್ಟರೆ ಅಂದೇ ಗೊತ್ತಾಗುತ್ತದೆ. ಬೆಕ್ಕು ಮೂಲೆ ಸೇರಿದರೆ ಸಂಜೆಯೊಳಗೆ ಮನೆಯವರಿಗೆ ಅನುಮಾನ ಬರುತ್ತದೆ. ಆದರೆ ಗಾಜಿನ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಅಲುಗಾಡದೆ ಕೂರುವುದೇ ಸ್ವಭಾವವಾಗಿರುವ ಬಿಯರ್ಡೆಡ್ ಡ್ರ್ಯಾಗನ್ ಕಾಯಿಲೆ ಬಿದ್ದರೆ ಮಾಲೀಕರಿಗೆ ತಿಳಿಯುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಮಲ್ಕಾಜ್‌ಗಿರಿಯಂಥ ಬಡಾವಣೆಯಲ್ಲಿ ನಾಯಿ, ಬೆಕ್ಕು ನೋಡುವ ಕ್ಲಿನಿಕ್ ಹತ್ತಿರದಲ್ಲೇ ಸಿಗಬಹುದು, ಸರೀಸೃಪ ನೋಡುವ ವೈದ್ಯರು ಸಿಗುವುದು ಕಷ್ಟ. ಹಾಗಾಗಿ ಮೊದಲ 24 ಗಂಟೆ ಮನೆಯವರು ಏನು ಮಾಡುತ್ತಾರೆ ಎಂಬುದು ಮುಖ್ಯವಾಗುತ್ತದೆ.

ಆಸ್ಟ್ರೇಲಿಯಾದ ಒಣ ಒಳನಾಡಿನ ಈ ಪ್ರಾಣಿ ನಮ್ಮ ಬೇಲಿ ಮೇಲಿನ ಓತಿಕ್ಯಾತದ ಕುಟುಂಬಕ್ಕೇ ಸೇರಿದ್ದು. ಉದ್ದ ಸುಮಾರು 45ರಿಂದ 60 ಸೆಂ.ಮೀ. ಚೆನ್ನಾಗಿ ಸಾಕಿದರೆ ಹತ್ತು ವರ್ಷ ಬದುಕುತ್ತದೆ. ಆಸ್ಟ್ರೇಲಿಯಾ ತನ್ನ ವನ್ಯಜೀವಿಗಳನ್ನು ವ್ಯಾಪಾರಕ್ಕೆ ಹೊರಗೆ ಕಳಿಸುವುದಿಲ್ಲ. ಇಂದು ಬೇರೆ ದೇಶಗಳ ಮಾರುಕಟ್ಟೆಯಲ್ಲಿ ಸಿಗುವುದು ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದ ತಳಿ.

ಮೊದಲು ನೋಡಬೇಕಾದ್ದು ಪ್ರಾಣಿಯನ್ನಲ್ಲ, ಪೆಟ್ಟಿಗೆಯನ್ನು

ಇದು ಶೀತರಕ್ತದ ಜೀವಿ. ಮೈ ಬಿಸಿಯಾಗದಿದ್ದರೆ ತಿಂದದ್ದು ಕರಗುವುದಿಲ್ಲ, ಕೊಟ್ಟ ಔಷಧವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿಸಿಲು ಕಾಯುವ ಜಾಗದಲ್ಲಿ 38ರಿಂದ 42 ಡಿಗ್ರಿ, ತಂಪು ಬದಿಯಲ್ಲಿ 25 ಡಿಗ್ರಿ ಆಸುಪಾಸು ಇರಬೇಕು. ಗಾಜಿಗೆ ಅಂಟಿಸುವ ಅಗ್ಗದ ಥರ್ಮಾಮೀಟರ್ ನಂಬುವಂತಿಲ್ಲ. ತಂತಿಯಿರುವ ಡಿಜಿಟಲ್ ಮೀಟರ್ ಬೇಕು.

ಹೈದರಾಬಾದ್‌ನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ತಾಪಮಾನ 15 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆಗ ಆರೋಗ್ಯವಂತ ಪ್ರಾಣಿಯೂ ಊಟ ಬಿಟ್ಟು ವಾರಗಟ್ಟಲೆ ಮಲಗಬಹುದು. ಅದು ಚಳಿಗಾಲದ ಸಹಜ ಜಡತೆ. ಇದು ನಿದ್ದೆಯೋ ಕಾಯಿಲೆಯೋ ಎಂದು ತಿಳಿಯಲು ಅಡುಗೆಮನೆಯ ಗ್ರಾಂ ತಕ್ಕಡಿ ಸಾಕು. ಜಡತೆಯಲ್ಲಿ ತೂಕ ಹೆಚ್ಚೇನೂ ಇಳಿಯುವುದಿಲ್ಲ. 400 ಗ್ರಾಂ ಇದ್ದದ್ದು 360ಕ್ಕೆ ಬಂದರೆ ಕಾಯುವ ಮಾತೇ ಬೇಡ.

ಅಪಾಯದ ಸೂಚನೆಗಳು ಯಾವುವು?

ಗಡ್ಡ ದಿನವಿಡೀ ಕಪ್ಪಾಗಿದ್ದರೆ ನೋವು ಅಥವಾ ಒತ್ತಡ ಇದೆ ಎಂದರ್ಥ. ಕಣ್ಣು ಒಳಗೆ ಹೋಗಿ, ಚರ್ಮ ಹಿಡಿದೆತ್ತಿದರೆ ಹಾಗೇ ನಿಲ್ಲುತ್ತಿದ್ದರೆ ನೀರಿನಂಶ ಕಡಿಮೆಯಾಗಿದೆ. ಬಿಸಿ ಕಾಯುವಾಗ ಬಾಯಿ ತೆರೆಯುವುದು ಸಹಜ. ತಂಪಿನಲ್ಲೂ ಕತ್ತು ಚಾಚಿ ಬಾಯಿ ತೆರೆದು ಉಸಿರಾಡುತ್ತಿದ್ದರೆ ಶ್ವಾಸಕೋಶದ ಸೋಂಕು ಇರಬಹುದು. ಮಳೆಗಾಲದ ತೇವ ಈ ಮರುಭೂಮಿ ಜೀವಿಗೆ ಒಗ್ಗುವುದಿಲ್ಲ.

ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೂಳೆ ಮೆತ್ತಗಾಗುವ ಕಾಯಿಲೆ. ದವಡೆ ರಬ್ಬರಿನಂತಾಗುತ್ತದೆ, ಬೆರಳು ನಡುಗುತ್ತವೆ, ಕಾಲು ಊದುತ್ತದೆ, ಸಣ್ಣ ಜಿಗಿತಕ್ಕೂ ಮೂಳೆ ಮುರಿಯುತ್ತದೆ. ಕ್ಯಾಲ್ಸಿಯಂ ಮತ್ತು ಯುವಿಬಿ ಕಿರಣಗಳ ಕೊರತೆಯೇ ಕಾರಣ. ‘ಕಿಟಕಿ ಪಕ್ಕ ಬಿಸಿಲಿದೆಯಲ್ಲ’ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಯುವಿಬಿ ಕಿರಣ ಕಿಟಕಿಯ ಗಾಜನ್ನು ದಾಟಿ ಬರುವುದಿಲ್ಲ. ಯುವಿಬಿ ಟ್ಯೂಬ್ ಉರಿಯುತ್ತಿದ್ದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಅದರ ಶಕ್ತಿ ಕುಂದುತ್ತದೆ. ಹಾಗೆಂದು ಗಾಜಿನ ಪೆಟ್ಟಿಗೆಯನ್ನೇ ಬಾಲ್ಕನಿಯ ಬಿಸಿಲಿಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಪ್ರಾಣಿ ಬೆಂದು ಸಾಯಬಹುದು. ಬೆಳಗಿನ ಎಳೆಬಿಸಿಲಿಗೆ, ನೆರಳಿನ ಮೂಲೆಯಿರುವ ಜಾಲರಿ ಪಂಜರದಲ್ಲಿ, ಎದುರಿಗೇ ಯಾರಾದರೂ ಇದ್ದು ಬಿಡಬೇಕು.

ಸೊಪ್ಪಿನ ಆಯ್ಕೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೈದರಾಬಾದ್ ಮಂದಿಗೆ ಪ್ರಿಯವಾದ ಗೋಂಗೂರ, ಅಂದರೆ ನಮ್ಮ ಪುಂಡಿ ಸೊಪ್ಪು, ಮತ್ತು ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಇವು ದಿನನಿತ್ಯದ ಆಹಾರವಾಗಬಾರದು. ಬೆಣ್ಣೆಹಣ್ಣು ವಿಷ. ಮಿಂಚುಹುಳು ಇನ್ನೂ ಅಪಾಯಕಾರಿ, ಒಂದೇ ಒಂದು ಹುಳು ತಿಂದು ಸತ್ತ ಉದಾಹರಣೆಗಳು ವೈದ್ಯಕೀಯ ದಾಖಲೆಯಲ್ಲಿವೆ.

ಇವಲ್ಲದೆ ಮರಳು ಅಥವಾ ದೊಡ್ಡ ಹುಳು ನುಂಗಿ ಕರುಳು ಕಟ್ಟುವುದು, ಚರ್ಮ ಹಳದಿಯಾಗಿ ಹಕ್ಕಳೆ ಏಳುವ ಅಂಟು ಶಿಲೀಂಧ್ರ ರೋಗ, ಮರಿಗಳನ್ನು ಕಾಡುವ ಅಡಿನೊವೈರಸ್ ಕೂಡ ಇವೆ. ಕೊನೆಯದಕ್ಕೆ ಮದ್ದಿಲ್ಲ, ಆರೈಕೆಯಷ್ಟೇ. ಹೆಣ್ಣಾದರೆ ಗಂಡಿನ ಜತೆಯಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಅದು ಹೊರಬರದೆ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು.

ಮನೆಯಲ್ಲಿ ಏನು ಮಾಡಬಹುದು, ಏನು ಮಾಡಬಾರದು?

ಮೊದಲು ಬಿಸಿ, ಆಮೇಲೆ ನೀರು, ಕೊನೆಗೆ ಆಹಾರ. ಈ ಕ್ರಮ ತಪ್ಪಬಾರದು. ತಣ್ಣಗಾಗಿ ಒಣಗಿರುವ ಪ್ರಾಣಿಯ ಬಾಯಿಗೆ ಗಾಬರಿಯಲ್ಲಿ ಆಹಾರ ತುರುಕಿದರೆ ಅದು ಹೊಟ್ಟೆಯಲ್ಲೇ ಕೊಳೆಯಬಹುದು, ಶ್ವಾಸನಾಳಕ್ಕೂ ಇಳಿಯಬಹುದು. ಮೈ ಬೆಚ್ಚಗಾದ ಬಳಿಕ ಉಗುರುಬೆಚ್ಚಗಿನ ನೀರನ್ನು ಎದೆಮಟ್ಟಕ್ಕೆ ಹಾಕಿ 10–15 ನಿಮಿಷ ಕೂರಿಸಬಹುದು. ತಲೆ ಎತ್ತಲಾರದಷ್ಟು ನಿತ್ರಾಣವಾಗಿದ್ದರೆ ಅದೂ ಬೇಡ. ಮೂಗಿನ ತುದಿಗೆ ಒಂದೊಂದೇ ಹನಿ ನೀರು ಬಿಟ್ಟರೆ ತಾನೇ ನೆಕ್ಕುತ್ತದೆ. ಮನೆಯಲ್ಲಿರುವ ಜ್ವರದ ಮಾತ್ರೆ, ನೋವಿನ ಮಾತ್ರೆ ಪುಡಿ ಮಾಡಿ ಕೊಡುವುದು ಸಲ್ಲದು. ಮದ್ದಿನ ಪ್ರಮಾಣ ಗ್ರಾಂ ತೂಕದ ಲೆಕ್ಕದಲ್ಲಿರುತ್ತದೆ.

ಮಲ್ಕಾಜ್‌ಗಿರಿಯಿಂದ ರಾಜೇಂದ್ರನಗರದ ಪಶುವೈದ್ಯಕೀಯ ಕಾಲೇಜು ನಗರದ ಇನ್ನೊಂದು ಬದಿಗಿದೆ. ಎಲ್ಲಿಗೇ ಹೋಗುವುದಾದರೂ ‘ಸರೀಸೃಪ ನೋಡುತ್ತೀರಾ, ಎಕ್ಸ್‌ರೇ ಇದೆಯೇ’ ಎಂದು ಫೋನ್‌ನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು. ಗಾಳಿಯಾಡುವ ಡಬ್ಬಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಎಸಿ ಆರಿಸಿದ ಕ್ಯಾಬ್ ಇದ್ದರೆ ಪ್ರಯಾಣ ಸುಸೂತ್ರ. ಅಂದಿನ ತಾಜಾ ಹಿಕ್ಕೆಯನ್ನೂ ಒಯ್ಯಬೇಕು, ಪರಾವಲಂಬಿ ಪರೀಕ್ಷೆಗೆ ಅದು ಬೇಕಾಗುತ್ತದೆ. ಪೆಟ್ಟಿಗೆ ಮತ್ತು ಬಲ್ಬ್‌ನ ಫೋಟೊ ಮೊಬೈಲ್‌ನಲ್ಲಿದ್ದರೆ ವೈದ್ಯರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗುಣವಾಗಲು ತಿಂಗಳುಗಳೇ ಬೇಕು. ಮೂಳೆ ಕಾಯಿಲೆ ಹತೋಟಿಗೆ ಬಂದರೂ ಸೊಟ್ಟಗಾದ ಮೂಳೆ ನೆಟ್ಟಗಾಗುವುದಿಲ್ಲ, ಆದರೆ ಅಂಥ ಪ್ರಾಣಿಯೂ ವರ್ಷಗಟ್ಟಲೆ ಬದುಕಬಹುದು. ಅಷ್ಟು ದಿನ ಕರೆಂಟ್ ಹೋದಾಗಲೂ ಬಿಸಿ ನಿಲ್ಲದಂತೆ ನೋಡಿಕೊಳ್ಳಬೇಕು.

ಮನೆಯವರ ಆರೋಗ್ಯ, ಕಾನೂನು

ನೋಡಲು ಆರೋಗ್ಯವಾಗಿರುವ ಡ್ರ್ಯಾಗನ್‌ನ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. 2024ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇದೇ ಪ್ರಾಣಿಯಿಂದ ಹಬ್ಬಿದ ಸೋಂಕಿನ ಬಗ್ಗೆ ಎಚ್ಚರಿಸಿತ್ತು. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು ಮುಟ್ಟದಿರುವುದೇ ಕ್ಷೇಮ. ಸ್ನಾನದ ಬೋಗುಣಿಯನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬಾರದು.

ಸೈಟಿಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ತಮ್ಮ ಪ್ರಾಣಿ ಪಟ್ಟಿಯಲ್ಲಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡು, ಖರೀದಿ ರಸೀದಿ ಇಟ್ಟುಕೊಳ್ಳುವುದು ಒಳಿತು. ನಮ್ಮದೇ ಉಡವನ್ನು ಸಾಕುವುದಂತೂ ಅಪರಾಧ.

ಗುಣವಾಗುವ ಭರವಸೆ ಇಲ್ಲವೆಂದು ವೈದ್ಯರು ಹೇಳಿದಾಗ ಫ್ರೀಜರ್‌ನಲ್ಲಿಟ್ಟರೆ ನೋವಿಲ್ಲದೆ ಸಾಯುತ್ತದೆ ಎಂಬ ಹಳೆಯ ಸಲಹೆ ಕೆಲವರ ಬಾಯಲ್ಲಿ ಬರುತ್ತದೆ. ಇದು ಕ್ರೂರ ವಿಧಾನ. ಅಮೆರಿಕದ ಪಶುವೈದ್ಯರ ಸಂಘದ ಮಾರ್ಗಸೂಚಿಯೂ ಇದನ್ನು ಒಪ್ಪುವುದಿಲ್ಲ. ಮೊದಲು ಅರಿವಳಿಕೆ, ಬಳಿಕ ಎರಡನೇ ಚುಚ್ಚುಮದ್ದು ಸರಿಯಾದ ಕ್ರಮ. ಅದನ್ನು ಪಶುವೈದ್ಯರೇ ಮಾಡಬೇಕು.