ನಾಣ್ಯ ಸಂರಕ್ಷಣೆ: ಹಾವೇರಿ ಸೀಮೆಯ ಮನೆಗಳಲ್ಲಿ

ಹಳೆಯ ನಾಣ್ಯಗಳು ಕೆಡದಂತೆ, ಕಳೆಯದಂತೆ, ಎಲ್ಲಿಯವೆಂಬ ಗುರುತು ತಪ್ಪದಂತೆ ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಕ್ರಮ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮತ್ತು ಸುತ್ತಿನ ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಆ ವರ್ಷ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಈ ಸೀಮೆಯಲ್ಲಿ ನಾಣ್ಯ ಕೂಡಿಡುವ ರೂಢಿ ಬಹಳ ಹಳೆಯದು, ನಾಣ್ಯವನ್ನು ನಾಣ್ಯವಾಗಿಯೇ ಉಳಿಸಿಕೊಳ್ಳುವ ರೂಢಿ ಈಚಿನದು. ಹಿಂದಿನವರಿಗೆ ಬೇಕಿದ್ದುದು ಲೋಹ, ಅದರ ತೂಕ, ಆಮೇಲೆ ಅದರ ಮಂಗಳ. ಮೇಲಿನ ಅಕ್ಷರ ಸವೆದರೆ ಯಾರೂ ಚಿಂತಿಸುತ್ತಿರಲಿಲ್ಲ. ಆದ್ದರಿಂದಲೇ ಕಳ್ಳರಿಗೆ ಹೆದರಿ ಹೂತಿಟ್ಟ ನಾಣ್ಯ ಇಂದಿಗೂ ಸ್ಪಷ್ಟವಾಗಿ ಓದಲು ಸಿಗುತ್ತದೆ, ಭಕ್ತಿಯಿಂದ ವರ್ಷವರ್ಷವೂ ತೊಳೆದಿಟ್ಟ ನಾಣ್ಯ ಎಷ್ಟೋ ಸಲ ಬರೀ ಬಿಲ್ಲೆಯಾಗಿರುತ್ತದೆ.

ನೆಲದಡಿಯ ಕಾಲ

ಈ ಭಾಗದ ಮೊದಲ ತಿಜೋರಿ ನೆಲವೇ. ಎರೆಹೊಲದ ಊರುಗಳಲ್ಲಿ ಜೋಳ ತುಂಬಿಡಲು ಮನೆಯೊಳಗೋ ಅಂಗಳದಲ್ಲೋ ಹಗೇವು ತೋಡುತ್ತಿದ್ದರು. ದಂಡು ಬರುವ ಸುದ್ದಿ ಬಂದಾಗ ಕಾಳಿನಂತೆಯೇ ಹೊನ್ನೂ ಮಣ್ಣಿಗಿಳಿಯುತ್ತಿತ್ತು, ಮಣ್ಣಿನ ಮಗಿಯಲ್ಲೋ ತಾಮ್ರದ ತಂಬಿಗೆಯಲ್ಲೋ. ಹೂತವರು ಸತ್ತರೆ, ಊರು ಬಿಟ್ಟರೆ, ಅದು ಅಲ್ಲೇ ಉಳಿಯಿತು. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ತಿಮ್ಮಪ್ಪ ನಾಯಕನಿಗೆ ನೆಲ ಅಗೆಯುವಾಗ ಕೊಪ್ಪರಿಗೆ ಹೊನ್ನು ಸಿಕ್ಕಿ ಕನಕನೆಂಬ ಹೆಸರು ಬಂತು, ಆ ಹೊನ್ನಿನಿಂದ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ಆದಿಕೇಶವನ ಗುಡಿ ಎದ್ದಿತು ಎಂಬ ಐತಿಹ್ಯವನ್ನು ಇಲ್ಲಿ ಎಲ್ಲರೂ ಬಲ್ಲರು. ಕಥೆಯ ನಿಜ ಏನೇ ಇರಲಿ, ಅಗೆದರೆ ಹೊನ್ನು ಸಿಗುತ್ತದೆಂಬ ನಂಬಿಕೆಗೆ ಈ ಸೀಮೆಯಲ್ಲಿ ಆಧಾರವಿತ್ತು.

ಆ ಆಧಾರಗಳಲ್ಲಿ ದೊಡ್ಡದು ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನ ನಿಧಿ. 3ನೇ ಶತಮಾನದ ರೋಮನ್ ಔರಿಯಸ್‌ಗಳಿಂದ ಹಿಡಿದು 6ನೇ ಶತಮಾನದ ಬೈಜಾಂಟೈನ್ ಸಾಲಿಡಸ್‌ಗಳವರೆಗಿನ ಚಿನ್ನದ ನಾಣ್ಯಗಳು ಇದರಲ್ಲಿ ಸೇರಿವೆ. ದಕ್ಷಿಣ ಭಾರತದಲ್ಲಿ ಸಿಗುವ ಇಂಥ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಗಡೆ ಒತ್ತಾಗಿ ಎರಡು ತೂತು ಇರುತ್ತವೆ. ಮುಖ ನೆಟ್ಟಗೆ ಕಾಣುವಂತೆ ದಾರಕ್ಕೆ ಹೊಲಿಯಲು ಮಾಡಿದ ತೂತುಗಳವು. ನಾಣ್ಯ ಇಲ್ಲಿಗೆ ಬಂದ ಮೇಲೆ ಒಡವೆಯಾಗಿ ಬದುಕಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸಾವಿರದೈನೂರು ವರ್ಷದ ಹಿಂದಿನ ಚಿನ್ನ ಕೆಡಲಿಲ್ಲ. ಕೆಟ್ಟದ್ದು ಅದರ ಲೆಕ್ಕ. ನಾಣ್ಯಗಳು ಕೈಯಿಂದ ಕೈಗೆ ಹೋಗುವಾಗ ಈ ನಿಧಿಯ ದಾಖಲೆ ಬೇರೆ ನಿಧಿಗಳ ದಾಖಲೆಯೊಡನೆ ಸಿಕ್ಕುಬಿತ್ತು. ಆ ಸಿಕ್ಕು ಬಿಡಿಸುವುದಕ್ಕೆಂದೇ ಓರಿಯೆಂಟಲ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 2012ರಲ್ಲಿ ಒಂದು ಲೇಖನ ಬರಬೇಕಾಯಿತು.

ಚಿನ್ನದ ಅದೃಷ್ಟ ಉಳಿದ ಲೋಹಗಳಿಗಿಲ್ಲ. ಬನವಾಸಿಯ ಸುತ್ತ ಸಾತವಾಹನರ ನಂತರ ಆಳಿದ ಚುಟುಗಳು ಸೀಸದ ನಾಣ್ಯ ಟಂಕಿಸಿದರು. ಸೀಸ ಮೆತ್ತಗಿನ ಲೋಹ, ಉಗುರು ತಾಗಿದರೂ ಗೀರು ಬೀಳುತ್ತದೆ. ಮಣ್ಣಿನಲ್ಲಿದ್ದಾಗ ಹೇಗೋ ಉಳಿದದ್ದು ಮರದ ಪೆಟ್ಟಿಗೆಗೆ ಬಂದ ಮೇಲೆ ಬಿಳಿ ಪುಡಿಯಾಗಿ ಉದುರುವುದುಂಟು. ಕಟ್ಟಿಗೆ ಮತ್ತು ರಟ್ಟಿನಿಂದ ಹೊರಡುವ ಹುಳಿ ಆವಿ ಇದಕ್ಕೆ ಕಾರಣ.

ಗದ್ಯಾಣದಿಂದ ಪುತಳಿಸರದವರೆಗೆ

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಗದ್ಯಾಣ, ಪೊನ್ನು, ಪಣ, ಹಾಗ, ವೀಸಗಳ ಹೆಸರು ಮತ್ತೆಮತ್ತೆ ಬರುತ್ತವೆ. ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಟಂಕಸಾಲೆಯ ಗದ್ಯಾಣಕ್ಕೆ ವಿಶೇಷ ಮಾನವಿತ್ತು. ಹಾನಗಲ್ಲನ್ನು ಆಳಿದ ಕದಂಬರದು ವಾನರಧ್ವಜ; ಹನುಮನ ಚಿತ್ರವಿರುವ ಚಿನ್ನದ ನಾಣ್ಯಗಳನ್ನು ವಿದ್ವಾಂಸರು ಅವರಿಗೆ ಸಲ್ಲಿಸುತ್ತಾರೆ. ಆಗ ಹಣ ಜೋಪಾನವಾಗಿರುತ್ತಿದ್ದುದು ಹೆಚ್ಚಾಗಿ ಗುಡಿಯಲ್ಲಿ ಮತ್ತು ವರ್ತಕ ಸಂಘಗಳಲ್ಲಿ. ದಾನದ ಮೂಲಧನವನ್ನು ಅಲ್ಲಿಟ್ಟು ಬಡ್ಡಿಯಿಂದ ನಂದಾದೀಪ ನಡೆಸುತ್ತಿದ್ದರು. ಮನೆಯಲ್ಲಿಟ್ಟುಕೊಂಡವರ ಸುದ್ದಿಯನ್ನು ಶಾಸನಗಳು ಬರೆಯಲಿಲ್ಲ.

ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುತ್ತಿತ್ತು, ಹಣ ಅದರ ಹತ್ತನೆಯ ಒಂದು ಪಾಲು. ಇಷ್ಟು ಸಣ್ಣ ಚಿನ್ನದ ಚೂರು ಬೆರಳ ಸಂದಿಯಿಂದ ಜಾರಿದರೆ ಸಗಣಿ ಸಾರಿಸಿದ ನೆಲದಲ್ಲಿ ಹುಡುಕುವುದು ಕಷ್ಟ. ಎಣಿಸಲು ದಕ್ಷಿಣದಲ್ಲಿ ಕುಳಿಗಳಿರುವ ಮಣೆ ಬಳಸುತ್ತಿದ್ದರು: ಹಣಗಳನ್ನು ಮಣೆಯ ಮೇಲೆ ಸುರಿದು ಅಲ್ಲಾಡಿಸಿದರೆ ಕುಳಿಗೊಂದರಂತೆ ಕೂರುತ್ತಿದ್ದವು. ಪ್ರಯಾಣಕ್ಕೆ ಸೊಂಟಕ್ಕೆ ಕಟ್ಟುವ ಹಮ್ಮಿಣಿ, ಮನೆಯಲ್ಲಿ ಬಟ್ಟೆಯ ಸಂಚಿ. 18ನೇ ಶತಮಾನದಲ್ಲಿ ಸವಣೂರಿನ ನವಾಬ ಅಬ್ದುಲ್ ಹಕೀಂ ಖಾನನೂ ತನ್ನ ಹೊನ್ನು ಹೊರಡಿಸಿದ. ಹತ್ತಾರು ದೊರೆಗಳ ನಾಣ್ಯ ಒಟ್ಟಿಗೆ ಓಡಾಡುತ್ತಿದ್ದ ಆ ಕಾಲದಲ್ಲಿ ಯಾವುದಕ್ಕೆ ಎಷ್ಟು ಬೆಲೆಯೆಂದು ಹೇಳುತ್ತಿದ್ದವನು ಸರಾಫ. ಅವನು ಒರೆಗಲ್ಲಿಗೆ ಉಜ್ಜಿದ ಗೆರೆ, ಪರೀಕ್ಷೆಗೆ ಒತ್ತಿದ ಮುದ್ರೆ ಇಂದಿಗೂ ಹಳೆಯ ನಾಣ್ಯಗಳ ಮೈಮೇಲಿವೆ. ಸಂಗ್ರಾಹಕರು ಇವನ್ನು ಗಾಯವೆಂದು ಬೆಲೆ ಇಳಿಸುತ್ತಾರೆ. ಇತಿಹಾಸ ಓದುವವರಿಗೆ ಅದೊಂದು ಸಹಿ.

ಎಲ್ಲಕ್ಕಿಂತ ಭದ್ರವಾದ ಜಾಗ ಹೆಣ್ಣುಮಕ್ಕಳ ಕೊರಳು. ವೆನಿಸ್ ನಗರದ ಚಿನ್ನದ ನಾಣ್ಯ ದಖ್ಖನಿನ ಪೇಟೆಗಳಲ್ಲಿ ಪುತಳಿ ಎನಿಸಿಕೊಂಡು ಸರವಾಯಿತು. ಆಮೇಲೆ ಪತ್ತಾರರು ಅದೇ ಮಾದರಿಯ ಬಿಲ್ಲೆ ಮಾಡಿ ಪುತಳಿಸರ ಕಟ್ಟಿದರು. ತಾಂಡಾಗಳ ಲಂಬಾಣಿ ಹೆಂಗಸರು ಬೆಳ್ಳಿ ರೂಪಾಯಿ, ಎಂಟಾಣೆ, ಪಾವಲಿಗಳಿಗೆ ಕೊಂಡಿ ಬೆಸೆಸಿ ಹಾರ ಮಾಡಿಕೊಂಡರು. ಬೆಸುಗೆ ಹಾಕಿದ ನಾಣ್ಯಕ್ಕೆ ಸಂಗ್ರಾಹಕರ ಪೇಟೆಯಲ್ಲಿ ಬೆಳ್ಳಿಯ ಬೆಲೆಯಷ್ಟೇ. ಆದರೂ ಕೊಂಡಿಯನ್ನು ಕಿತ್ತು ಉಜ್ಜಿಸಿ ಹೊಸದು ಮಾಡಿಸುವುದು ಎರಡನೆಯ ತಪ್ಪು: ಹಾರವೂ ಹೋಗುತ್ತದೆ, ನಾಣ್ಯವೂ ಬರುವುದಿಲ್ಲ.

ಜಗಲಿಯ ಮೇಲಿನ ರೂಪಾಯಿ

ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ 180 ಗ್ರೇನ್ ತೂಕದ ಏಕರೂಪದ ಬೆಳ್ಳಿ ರೂಪಾಯಿ ತಂದ ಮೇಲೆ ಹಳೆಯ ಹೊನ್ನುಗಳು ಮೂಸೆಗೆ ಹೋದವು. ರಾಣಿ ಛಾಪು, ರಾಜಾ ಛಾಪು ರೂಪಾಯಿಗಳು ದೇವರ ಜಗಲಿ ಸೇರಿದವು. ಬ್ಯಾಡಗಿಯ ಮೆಣಸಿನಕಾಯಿ ಅಡತಿಯಿರಲಿ, ರಾಣೆಬೆನ್ನೂರಿನ ಹತ್ತಿ ಅಂಗಡಿಯಿರಲಿ, ದೀಪಾವಳಿಯ ಲಕ್ಷ್ಮೀಪೂಜೆಗೆ ಕೀರ್ದಿ ಪುಸ್ತಕದ ಪಕ್ಕ ಬೆಳ್ಳಿ ರೂಪಾಯಿ ಬೇಕೇ ಬೇಕು. ಪೂಜೆಗೆ ಮುಂಚೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಲಿಂಗಾಯತ ಮನೆಗಳಲ್ಲಿ ವಿಭೂತಿಯಿಂದ ಉಜ್ಜಿ ಹೊಳಪು ಕೊಡುವುದುಂಟು. ಹುಣಸೆಯ ಹುಳಿ ಲೋಹದ ಮೇಲ್ಪದರವನ್ನು ತಿನ್ನುತ್ತದೆ, ವಿಭೂತಿಯ ನುಣುಪಾದ ಬೂದಿ ಗೆರೆಗಳನ್ನು ಅರೆಯುತ್ತದೆ.

ಇದರ ನಷ್ಟ ಎಷ್ಟೆಂದು ತಿಳಿಯಲು 1862ರ ವಿಕ್ಟೋರಿಯಾ ರೂಪಾಯಿಯನ್ನು ನೋಡಬೇಕು. ನಾಣ್ಯದ ಮೇಲಿನ ಇಸವಿ 1862 ಆದರೂ ಟಂಕಸಾಲೆಗಳು ಅದೇ ಇಸವಿಯಲ್ಲಿ 1874ರವರೆಗೂ ರೂಪಾಯಿ ಒತ್ತಿದವು. ಹಿಂಬದಿಯಲ್ಲಿ ಇಸವಿಯ ಸುತ್ತಮುತ್ತ ಸಾಸಿವೆಗಿಂತ ಸಣ್ಣ ಚುಕ್ಕಿಗಳಿರುತ್ತವೆ. ಅವುಗಳ ಸಂಖ್ಯೆ ಮತ್ತು ಜಾಗ ನೋಡಿಯೇ ಬಗೆಗಳನ್ನು ಬೇರ್ಪಡಿಸುವುದು. ಇಪ್ಪತ್ತು ದೀಪಾವಳಿ ಕಂಡ ರೂಪಾಯಿಯಲ್ಲಿ ಮೊದಲು ಮಾಯವಾಗುವುದು ಆ ಚುಕ್ಕಿಗಳೇ. ಐದನೆಯ ಜಾರ್ಜನ 1911ರ ರೂಪಾಯಿಯದೂ ಇಂಥದೇ ಕಥೆ. ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಂಡಾಗಿ ಹಂದಿಯಂತೆ ಕಾಣುತ್ತದೆಂದು ಗದ್ದಲವೆದ್ದು ಟಂಕಸಾಲೆ ಅದನ್ನು ಹಿಂದಕ್ಕೆ ಪಡೆದು, 1912ರಿಂದ ಆನೆಯನ್ನು ತಿದ್ದಿತು. ಆ ಆನೆಯ ಗಾತ್ರ ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಬೂದಿ ಹಚ್ಚಿ ತಿಕ್ಕಿದ ರೂಪಾಯಿಯಲ್ಲಿ ಹಂದಿಯೂ ಇಲ್ಲ, ಆನೆಯೂ ಇಲ್ಲ.

ಪೂಜೆ ನಿಲ್ಲಿಸಬೇಕೆಂದು ಹೇಳುವುದು ಸಲ್ಲದ ಮಾತು. ಪೂಜೆಯ ರೂಪಾಯಿ ಒಂದು, ಸಂಗ್ರಹದ ರೂಪಾಯಿ ಇನ್ನೊಂದು ಎಂದು ಬೇರೆಯಾಗಿಟ್ಟರೆ ಸಾಕು. ಬೆಳ್ಳಿಯ ಮೇಲಿನ ತೆಳು ಕಪ್ಪು ಕೊಳೆಯಲ್ಲ. ಗಾಳಿಯ ಗಂಧಕ ತಾಗಿ ಮೂಡಿದ ಪದರ ಅದು. ಬಲ್ಲವರು ಅದನ್ನು ಮುಟ್ಟಲು ಬಿಡುವುದಿಲ್ಲ.

ಸಂಗ್ರಾಹಕರು ಬಂದದ್ದು

ನಾಣ್ಯವನ್ನು ಓದುವುದಕ್ಕಾಗಿ ಇಟ್ಟುಕೊಂಡವರಲ್ಲಿ ಮೊದಲಿಗರ ಸಾಲಿನಲ್ಲಿ ನಿಲ್ಲುವವರು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಯುದ್ಧದಲ್ಲಿ ಸೆರೆಸಿಕ್ಕಿ ಬಿಡುಗಡೆಯಾದ ಈ ಅಧಿಕಾರಿ ಧಾರವಾಡ ಸೀಮೆಯಲ್ಲಿದ್ದಾಗ ಶಾಸನಗಳ ಪ್ರತಿ ಮಾಡಿಸಿದರು, ಹೊನ್ನುಗಳನ್ನು ಕೂಡಿಸಿದರು. ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಅವರ ಪುಸ್ತಕ 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಗಿ ಆರ್. ಎಸ್. ಪಂಚಮುಖಿಯವರು ಅದನ್ನು ಕಟ್ಟಿದ ಮೇಲೆ ಈ ಭಾಗದ ಪ್ರಾಚೀನ ವಸ್ತುಗಳಿಗೆ ಹತ್ತಿರದಲ್ಲೇ ಒಂದು ನೆಲೆ ಸಿಕ್ಕಿತು. ಮೈಸೂರಿನ ಎ. ವಿ. ನರಸಿಂಹಮೂರ್ತಿಯವರ 1975ರ ಕರ್ನಾಟಕ ನಾಣ್ಯಗಳ ಗ್ರಂಥ ಹವ್ಯಾಸಿಗಳ ಕೈಗೂ ಬಂತು.

ಸಾಮಾನ್ಯ ಮನೆಗಳಲ್ಲಿ ಮಾತ್ರ ಸಂಗ್ರಹ ಹುಟ್ಟಿದ್ದು ಓದಿನಿಂದಲ್ಲ, ಚಲಾವಣೆ ನಿಂತದ್ದರಿಂದ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು, 1947ರಲ್ಲಿ ನಿಕ್ಕಲ್ ಬಂತು. ಜನ ಹಳೆಯ ಬೆಳ್ಳಿಯನ್ನು ಒಳಗಿಟ್ಟರು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ಆಣೆ, ದುಡ್ಡು, ಪೈಗಳು ಡಬ್ಬಿಗಳಲ್ಲಿ ಉಳಿದವು. 1943ರಿಂದ 1947ರವರೆಗಿನ ತೂತಿನ ದುಡ್ಡನ್ನು ಮಕ್ಕಳು ಉಡದಾರಕ್ಕೆ ಪೋಣಿಸಿಕೊಂಡರು, ಮಿಸ್ತ್ರಿಗಳು ಬೋಲ್ಟಿಗೆ ವಾಷರ್ ಮಾಡಿದರು. 2011ರ ಜೂನ್ 30ರ ನಂತರ ಪಾವಲಿಗೂ ಅದಕ್ಕಿಂತ ಸಣ್ಣ ನಾಣ್ಯಗಳಿಗೂ ಬೆಲೆ ನಿಂತು ಇನ್ನೊಂದು ರಾಶಿ ಡಬ್ಬಿ ಸೇರಿತು. ಅಡಿಗೆಮನೆಯ ಸಾಸಿವೆ ಡಬ್ಬಿಯೇ ಎಷ್ಟೋ ಮನೆಗಳ ಮೊದಲ ಆಲ್ಬಂ.

ಹವೆ, ಪ್ಲಾಸ್ಟಿಕ್, ಕಿಲುಬು

ಜಿಲ್ಲೆ ಚಿಕ್ಕದಾದರೂ ಹವೆ ಒಂದೇ ಅಲ್ಲ. ಹಾನಗಲ್ಲ ಕಡೆ ಮಲೆನಾಡಿನ ಸೆರಗು, ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಪೂರ್ವಕ್ಕೆ ರಾಣೆಬೆನ್ನೂರು ಒಣ ಬಯಲು. ಹಾನಗಲ್ಲದ ಮನೆಯಲ್ಲಿ ತಾಮ್ರದ ನಾಣ್ಯಕ್ಕೆ ಹೆಚ್ಚಿನ ಭಯ. ಮಣ್ಣಿನ ಉಪ್ಪು ಒಳಗೆ ಉಳಿದಿದ್ದರೆ, ತೇವ ಸಿಕ್ಕೊಡನೆ ತಿಳಿಹಸಿರು ಪುಡಿ ಉಕ್ಕಿ ಲೋಹವನ್ನೇ ತಿಂದುಬಿಡುತ್ತದೆ. ಗಟ್ಟಿಯಾಗಿ ಕೂತ ಕಡುಹಸಿರು ಕಿಲುಬು ಇದಲ್ಲ, ಅದು ನಾಣ್ಯವನ್ನು ಕಾಯುತ್ತದೆ. ಬೆರಳಿಗೆ ಉದುರುವುದೇ ರೋಗ. ಅಂಥ ನಾಣ್ಯವನ್ನು ಉಳಿದವುಗಳಿಂದ ದೂರವಿಟ್ಟು, ತೇವಾಂಶ ಶೇ. 40ಕ್ಕಿಂತ ಕೆಳಗಿರುವಂತೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡುತ್ತಾರೆ. ಹರಳಿನ ಬಣ್ಣ ಬದಲಾದಾಗ ಬಿಸಿಮಾಡಿ ಮತ್ತೆ ಬಳಸಬಹುದು. ರಾಣೆಬೆನ್ನೂರು ಕಡೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ದಾಸ್ತಾನು ಮಾಡುವ ಮನೆಗಳಲ್ಲಿ ಬೆಳ್ಳಿ ಬೇಗ ಕರಿಹಿಡಿದರೆ ಅಚ್ಚರಿಯಿಲ್ಲ, ಎರಡರಲ್ಲೂ ಗಂಧಕವಿದೆ. ರಬ್ಬರ್ ಬ್ಯಾಂಡ್, ಉಣ್ಣೆ, ಸುದ್ದಿಪತ್ರಿಕೆಯ ಕಾಗದ ಇವೂ ಬೆಳ್ಳಿಗೆ ಹಗೆ.

ಯುರೋಪಿನ ಹಳೆಯ ಸಂಗ್ರಾಹಕರು ಮಹಾಗನಿ ಮರದ ತೆಳು ಅರೆಗಳುಳ್ಳ ಪೆಟ್ಟಿಗೆ ಮಾಡಿಸುತ್ತಿದ್ದರು. ನಮ್ಮಲ್ಲಿ ಟ್ರಜರಿಯ, ಅಂದರೆ ಕಬ್ಬಿಣದ ಕಪಾಟಿನ, ಒಳಖಾನೆ, ಅದರೊಳಗೆ ಫೋಟೋ ಆಲ್ಬಮ್ಮಿನಂಥ ಪ್ಲಾಸ್ಟಿಕ್ ಹಾಳೆ. ಅಗ್ಗದ ಮೆತ್ತನೆಯ ಪಿವಿಸಿ ಹಾಳೆ ಸೆಕೆಗೆ ಎಣ್ಣೆ ಬಿಟ್ಟು ನಾಣ್ಯದ ಮೇಲೆ ಅಂಟಂಟಾದ ಹಸಿರು ಪೊರೆ ಕಟ್ಟುತ್ತದೆ. ಮೂಗಿಗೆ ಹೊಸ ರೇಗ್ಸಿನ್ ವಾಸನೆ ಬಂದರೆ ಆ ಹಾಳೆ ಬೇಡ. ಸೀಸ ಬಿಟ್ಟು ಉಳಿದ ನಾಣ್ಯಗಳಿಗೆ ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಕಿಟಕಿಯ ರಟ್ಟಿನ ಚೌಕ ಒಳ್ಳೆಯದು, ಆದರೆ ಅದಕ್ಕೆ ಹೊಡೆದ ಸ್ಟೇಪ್ಲರ್ ಪಿನ್ನನ್ನು ಚಪ್ಪಟೆ ಮಾಡದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು. ಡಾಂಬರು ಗುಳಿಗೆ ಕೆಲವು ಪ್ಲಾಸ್ಟಿಕ್ಕನ್ನು ಕರಗಿಸುವುದರಿಂದ ಸೀರೆಗೇ ಇರಲಿ. ನಾಣ್ಯವನ್ನು ಅಂಚಿನಲ್ಲಿ ಹಿಡಿಯುವುದು, ಕೆಳಗೆ ಮೆತ್ತನೆ ಬಟ್ಟೆ ಹಾಸಿಕೊಳ್ಳುವುದು, ಮೆಣಸಿನಕಾಯಿ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದು ಒರೆಸಿಕೊಳ್ಳುವುದು ಬ್ಯಾಡಗಿಯಲ್ಲಂತೂ ಹೇಳಲೇಬೇಕಾದ ಮಾತು.

ಬ್ಯಾಂಕ್ ಲಾಕರ್ ಕಳ್ಳರಿಂದ ಕಾಯುತ್ತದೆ, ತೇವದಿಂದ ಕಾಯುವುದಿಲ್ಲ. 2022ರ ಜನವರಿಯಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ ಇವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಹಾಗಾಗಿ ಎರಡೂ ಬದಿಯ ಫೋಟೋ, ತೂಕ, ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬ ಚೀಟಿಯ ಒಂದು ಪ್ರತಿ ಲಾಕರಿನ ಹೊರಗೂ ಇರಬೇಕು. ಅಕ್ಕಿಆಲೂರಿನ ನಾಣ್ಯಗಳ ಜತೆ ಇಂಥ ಚೀಟಿ ಇದ್ದಿದ್ದರೆ 2012ರ ಲೇಖನ ಬೇಕಾಗುತ್ತಿರಲಿಲ್ಲ.

ಕಾಯ್ದೆ

ನೆಲದಲ್ಲಿ ಸಿಕ್ಕದ್ದು ಸಿಕ್ಕವನದೇ ಎಂಬ ತಿಳಿವಳಿಕೆ ತಪ್ಪು. 1878ರ ನಿಧಿ ಕಾಯ್ದೆಯಡಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕಿತ್ತು. 1962ರಲ್ಲಿ ರಾಜ್ಯವೇ ಇದಕ್ಕೆ ತನ್ನ ಕಾಯ್ದೆ ಮಾಡಿಕೊಂಡಿತು. ಕಚೇರಿ ಅಲೆಯುವ ಭಯಕ್ಕೆ ಸಿಕ್ಕ ಗಡಿಗೆ ರಾತ್ರೋರಾತ್ರಿ ಕರಗಿಹೋಗುವುದು ಈ ಕಾಯ್ದೆಗಳಷ್ಟೇ ಹಳೆಯದು. 1972ರ ಪ್ರಾಚ್ಯವಸ್ತು ಕಾಯ್ದೆ ಜಾರಿಗೆ ಬಂದದ್ದು 1976ರಲ್ಲಿ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ ಎನ್ನುತ್ತದೆ ಅದು. 1911ರ ರೂಪಾಯಿಯೂ ಈಗ ಆ ಗೆರೆ ದಾಟಿದೆ. ಅಮೆರಿಕಕ್ಕೆ ಹೊರಟ ಮಗನ ಚೀಲಕ್ಕೆ ಜಗಲಿಯ ರಾಣಿ ಛಾಪು ರೂಪಾಯಿ ಹಾಕಿ ಕಳಿಸುವ ತಾಯಂದಿರಿಗೆ ಇದು ಗೊತ್ತಿರುವುದು ಅಪರೂಪ; ಹಳೆಯ ವಸ್ತುವಿನ ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಇಲಾಖೆಯಿಂದ ಮೊದಲೇ ಪಡೆಯಬೇಕಾಗುತ್ತದೆ.