ಬೇಲಿಯ ಕಟ್ಟಳೆ: ತಡಬೆಯಿಂದ ವಲಯ ನಿಯಮಾವಳಿಯವರೆಗೆ

ಜನಪದರ ತಿಳಿವಳಿಕೆಯಲ್ಲಿ ಬೇಲಿ ಎಂಬುದು ಕೇವಲ ತಡೆಯಲ್ಲ. ಯಾವುದನ್ನು ತಡೆಯಬೇಕು, ಯಾರಿಗೆ ದಾರಿ ಬಿಡಬೇಕು ಎಂಬ ಎರಡು ಪ್ರಶ್ನೆಗಳಿಗೂ ಅದು ಏಕಕಾಲದಲ್ಲಿ ಉತ್ತರ ಕೊಡುತ್ತದೆ. ಆಧುನಿಕ ನಗರದ ನಿಯಮಗಳು ಮೊದಲನೆಯ ಪ್ರಶ್ನೆಗೆ ಕೊಟ್ಟಷ್ಟು ಗಮನವನ್ನು ಎರಡನೆಯದಕ್ಕೆ ಕೊಟ್ಟಿಲ್ಲ. ಬೆಂಗಳೂರಿನಲ್ಲಿ ಈ ಪಲ್ಲಟ ನಡೆದ ಬಗೆಯನ್ನೂ, ನಿಯಮಗಳ ಪರಿಷ್ಕರಣೆಯಲ್ಲಿ ಜನಪದ ಕಟ್ಟಳೆಗೆ ಸಲ್ಲಬೇಕಾದ ಸ್ಥಾನವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಕನ್ನಡ ನಾಡಿನ ದಾನಶಾಸನಗಳು ಭೂಮಿಯ ಚತುಸ್ಸೀಮೆಯನ್ನು ವಿವರವಾಗಿ ಹೇಳುತ್ತವೆ. ಮರ, ಹುತ್ತ, ಹಳ್ಳ, ಕೆರೆ, ನಟ್ಟ ಕಲ್ಲು ಇವೇ ಅಲ್ಲಿನ ಗುರುತುಗಳು. ದಾನ ಪಡೆದವರ ಧರ್ಮಕ್ಕೆ ಅನುಗುಣವಾಗಿ ಲಿಂಗಮುದ್ರೆ, ವಾಮನಮುದ್ರೆ, ಮುಕ್ಕೊಡೆಗಳನ್ನು ಕೊರೆದ ಗಡಿಕಲ್ಲುಗಳೂ ದೊರೆತಿವೆ. ಎಲ್ಲೆ ಎಂಬುದು ಊರವರೆಲ್ಲರೂ ಕಂಡು ಒಪ್ಪಿದ ಗುರುತಾಗಿತ್ತು. ಅದು ಗೋಡೆಯಾಗಿರಬೇಕಾದ ಅಗತ್ಯವಿರಲಿಲ್ಲ.

ಬೇಲಿ ಕಟ್ಟಿದಲ್ಲಿಯೂ ಅದು ಬಹುತೇಕ ಜೀವಂತ ಬೇಲಿಯೇ ಆಗಿತ್ತು. ಬಯಲುಸೀಮೆಯಲ್ಲಿ ಕಳ್ಳಿ, ಕತ್ತಾಳೆ, ಲಕ್ಕಿ, ಹೊಂಗೆಗಳು ಹೊಲವನ್ನು ಕಾಯುವುದರ ಜೊತೆಗೆ ನಾರು, ಮದ್ದು, ಹಸಿರುಗೊಬ್ಬರ, ದೀಪದೆಣ್ಣೆಗಳನ್ನೂ ಒದಗಿಸಿದವು. ಮಲೆನಾಡಿನ ಮುಳ್ಳುಬೇಲಿಯಲ್ಲಿ ಉಣುಗೋಲು ಮತ್ತು ತಡಬೆಗಳಿಗೆ ವಿಶೇಷ ಸ್ಥಾನವಿದೆ. ಎರಡು ಕಂಬಗಳ ತೂತುಗಳಲ್ಲಿ ಅಡ್ಡಗಳುಗಳನ್ನು ಸರಿಸಿ ಗಾಡಿಗೂ ದನಕ್ಕೂ ದಾರಿ ತೆರೆಯುವುದು ಉಣುಗೋಲು. ದನ ದಾಟಲಾರದಂತೆ, ಮನುಷ್ಯ ಮಾತ್ರ ದಾಟುವಂತೆ ಇರುವುದು ತಡಬೆ. ಬೇಲಿ ಹಾಕಿದವನೇ ನೆರೆಯವನಿಗೆ ದಾರಿಯನ್ನೂ ಮಾಡಿಕೊಡಬೇಕೆಂಬ ಅಲಿಖಿತ ಕಟ್ಟಳೆ ಈ ರಚನೆಯಲ್ಲಿಯೇ ಅಡಗಿದೆ. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯೂ ಬೇಲಿಯನ್ನು ಹೊಣೆ ಹೊತ್ತ ಕಾವಲುಗಾರನೆಂದೇ ಭಾವಿಸುತ್ತದೆ.

ಬೆಂಗಳೂರು ಪೇಟೆಯೂ ಒಂದು ಕಾಲಕ್ಕೆ ಮುಳ್ಳಿನ ಬೇಲಿಯೊಳಗಿದ್ದ ಊರು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೇನೆ ಪೇಟೆಯನ್ನು ಹಿಡಿದಾಗ ಅದರ ಸುತ್ತ ಕಂದಕವೂ ದಟ್ಟವಾದ ಮುಳ್ಳುಪೊದೆಯ ಪಟ್ಟಿಯೂ ಇದ್ದುದನ್ನು ಆ ಕಾಲದ ಬರಹಗಳು ತಿಳಿಸುತ್ತವೆ. ಆದರೆ ಈ ಬೇಲಿ ಇಡೀ ಊರಿಗೆ ಸೇರಿದ್ದು. 1809ರಲ್ಲಿ ದಂಡುಪ್ರದೇಶ ಸ್ಥಾಪನೆಯಾದ ಅನಂತರ ಒಂದೊಂದು ಬಂಗಲೆಗೂ ಪ್ರತ್ಯೇಕ ಆವರಣವೆಂಬ ಕಲ್ಪನೆ ಇಲ್ಲಿ ಬೇರೂರಿತು. ಆ ಆವರಣದ ಹೆಸರಾದ ‘ಕಾಂಪೌಂಡು’ ಎಂಬ ಪದ ಮಲಯ ಭಾಷೆಯ ‘ಕಂಪೊಂಗ್’ ಎಂಬುದರಿಂದ ಬಂದಿರಬೇಕೆಂಬುದು ನಿಘಂಟುಕಾರರ ಅಭಿಪ್ರಾಯ. ಕನ್ನಡದಲ್ಲಿ ಅದು ಆವರಣಕ್ಕಿಂತ ಅದರ ಗೋಡೆಯನ್ನೇ ಸೂಚಿಸತೊಡಗಿದ್ದು ಅರ್ಥಪೂರ್ಣವಾಗಿದೆ.

1898ರ ಪ್ಲೇಗಿನ ಅನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯೂ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೂ ರೂಪುಗೊಂಡವು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 2003ರ ಕಟ್ಟಡ ಉಪವಿಧಿಗಳು, 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಾವಳಿ ಇವು ನಿವೇಶನವನ್ನು ಅಳತೆಯ ಭಾಷೆಯಲ್ಲಿ ನೋಡಿದವು. ಬೆಂಕಿ, ಗಾಳಿ, ಬೆಳಕುಗಳ ದೃಷ್ಟಿಯಿಂದ ಈ ಅಳತೆ ಅಗತ್ಯವೇ ಆಗಿತ್ತು. ಆದರೆ 2007ರಲ್ಲಿಯೇ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಮಹಾನಗರ ಪಾಲಿಕೆಗೆ ಸೇರಿದಾಗ, ಬಳಕೆಯಿಂದಷ್ಟೇ ಉಳಿದಿದ್ದ ಕಾಲುದಾರಿಗಳಿಗೆ, ಜಾತ್ರೆಯ ದಾರಿಗಳಿಗೆ, ದನ ನೀರಿಗಿಳಿಯುವ ಹಾದಿಗಳಿಗೆ ಈ ಭಾಷೆಯಲ್ಲಿ ಹೆಸರಿರಲಿಲ್ಲ.

ಕೆರೆಗಳ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 2007ರ ಮಹಾಯೋಜನೆ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25, 15 ಮೀಟರ್ ಮೀಸಲು ಪಟ್ಟಿಯನ್ನು ವಿಧಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಪಟ್ಟಿಯನ್ನು 75 ಮೀಟರಿಗೆ ಏರಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ವಾದವೆಲ್ಲ ಎಷ್ಟು ಮೀಟರ್ ಎಂಬುದರ ಸುತ್ತಲೇ ನಡೆಯಿತು. ಈ ನಡುವೆ ಅನೇಕ ಕೆರೆಗಳಿಗೆ ತಂತಿಬೇಲಿ ಬಂದು, ಒತ್ತುವರಿಯನ್ನೂ ಕಸ ಸುರಿಯುವುದನ್ನೂ ತಡೆಯಲು ನೆರವಾಯಿತು. ಅದೇ ಬೇಲಿ ಹುಲ್ಲು ಕೊಯ್ಯುವವರನ್ನು, ದನಗಾಹಿಗಳನ್ನು, ಬಟ್ಟೆ ಒಗೆಯುವವರನ್ನೂ ಹೊರಗಿಟ್ಟಿತು. ಬೇಲಿ ಬಂತು, ತಡಬೆ ಬರಲಿಲ್ಲ.

ಹಳೆಯ ಕಟ್ಟಳೆಯನ್ನು ಹಾಗೆಯೇ ಮರಳಿ ತರಬೇಕೆಂಬುದು ಇದರ ಅರ್ಥವಲ್ಲ. ಊರು ಮತ್ತು ಕೇರಿಗಳ ನಡುವಿನ ಎಲ್ಲೆ ಕಣ್ಣಿಗೆ ಕಾಣದಿದ್ದರೂ ಕಲ್ಲಿನ ಗೋಡೆಗಿಂತ ಗಟ್ಟಿಯಾಗಿತ್ತು. ದಲಿತರಿಗೆ ಬಾವಿಯ, ಗುಡಿಯ, ಬೀದಿಯ ದಾರಿಯನ್ನು ನಿರಾಕರಿಸಿದ್ದೂ ಸಂಪ್ರದಾಯವೇ. ಆದ್ದರಿಂದ ರೂಢಿಯಿಂದ ಸ್ವೀಕರಿಸಬೇಕಾದದ್ದು ದಾರಿ ಬಿಡುವ ತತ್ತ್ವವನ್ನೇ ಹೊರತು ದಾರಿ ಕಟ್ಟಿದ ಪದ್ಧತಿಯನ್ನಲ್ಲ.

2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರ ಪಾಲಿಕೆಗಳೂ ಅಸ್ತಿತ್ವಕ್ಕೆ ಬಂದಿವೆ. ಇಲ್ಲಿ ವಲಯ ನಿಯಮಗಳನ್ನು ಪರಿಷ್ಕರಿಸುವಾಗ ಮೂರು ಅಂಶಗಳನ್ನು ಪರಿಗಣಿಸುವುದು ಉಚಿತ. ಬಡಾವಣೆಗೆ ಅನುಮೋದನೆ ನೀಡುವ ಮೊದಲು ಗ್ರಾಮನಕ್ಷೆಯ ಜೊತೆಗೆ ಸ್ಥಳೀಯರ ಮೌಖಿಕ ಹೇಳಿಕೆಗಳಿಂದಲೂ ಬಳಕೆಯ ದಾರಿಗಳನ್ನು ದಾಖಲಿಸಬೇಕು. ಸಾರ್ವಜನಿಕ ಜಾಗಕ್ಕೆ ಬೇಲಿ ಹಾಕುವಾಗ ಅದನ್ನು ಅವಲಂಬಿಸಿದವರ ಪ್ರವೇಶವನ್ನೂ ನಿಯಮದಲ್ಲಿಯೇ ನಮೂದಿಸಬೇಕು. ಗೋಡೆಗೆ ಬದಲಾಗಿ ಜೀವಂತ ಬೇಲಿ ಬೆಳೆಸುವವರಿಗೆ ಉತ್ತೇಜನ ದೊರೆಯಬೇಕು. ಮೌಖಿಕ ಪರಂಪರೆಯ ಸಂಗ್ರಹಕಾರ್ಯ ಇಂತಹ ದಾಖಲೆಗೆ ನೇರವಾಗಿ ಒದಗಬಲ್ಲದು. ದಾರಿಯನ್ನು ನೆನಪಿನಲ್ಲಿಟ್ಟುಕೊಂಡಿರುವ ತಲೆಮಾರು ಮರೆಯಾಗುವ ಮುನ್ನವೇ ಆ ಕಾರ್ಯ ನಡೆಯಬೇಕಾಗಿದೆ.