ಪ್ಲಾಂಟೇಶನ್: ನೆಟ್ಟದ್ದು ಏನನ್ನು, ಯಾರನ್ನು?

ಕನ್ನಡಿಗರಿಗೆ ಪ್ಲಾಂಟೇಶನ್ ಎಂದರೆ ಕಾಫಿ, ಟೀ, ರಬ್ಬರ್ ತೋಟ. ಪ್ಲಾಂಟರ್ ಎಂದರೆ ಆ ತೋಟದ ಯಜಮಾನ. ಅರಣ್ಯ ಇಲಾಖೆಯ ಕಡತಗಳಲ್ಲಿ ಅದೇ ಪದ ‘ನೆಡುತೋಪು’ ಆಗಿದೆ. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಆರಂಭದ ಚರಿತ್ರೆಗೆ ಕೈಹಾಕಿದರೆ ಗೊಂದಲವಾಗುತ್ತದೆ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದವರ ಮುಂದಾಳು ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟ ವೃತ್ತಾಂತಕ್ಕೆ ‘ಪ್ಲಿಮತ್ ಪ್ಲಾಂಟೇಶನ್’ ಎಂಬುದೇ ಹೆಸರು. ಆ ಚಳಿ ಕೊರೆಯುವ ಕಡಲತೀರದಲ್ಲಿ ಯಾವ ತೋಟ? ತೋಟವಿರಲಿಲ್ಲ. ಅಲ್ಲಿ ನೆಟ್ಟದ್ದು ಮನುಷ್ಯರನ್ನು.

ಲ್ಯಾಟಿನ್ನಿನ ‘ಪ್ಲಾಂಟಾ’ ಎಂದರೆ ನೆಡಲು ಕತ್ತರಿಸಿಟ್ಟ ಕಡ್ಡಿ, ಎಳೆಯ ಸಸಿ. ‘ಪ್ಲಾಂಟಾರೆ’ ಎಂದರೆ ನೆಡು. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಪ್ಲಾಂಟೇಶನ್ ಎಂದರೆ ನೆಡುವ ಕೆಲಸ, ಅಷ್ಟೆ. ಹದಿನಾರನೆಯ ಶತಮಾನದಲ್ಲಿ ಅದು ಜನರನ್ನು ಒಯ್ದು ಬೇರೆ ನೆಲದಲ್ಲಿ ಊರುವುದಕ್ಕೂ ಹೆಸರಾಯಿತು. ಕನ್ನಡಕ್ಕೆ ಈ ಜಾಡು ಅಪರಿಚಿತವಲ್ಲ. ನಾವೂ ಬೀಜ ಊರುತ್ತೇವೆ, ನೆಲೆಯೂರುತ್ತೇವೆ, ನಾವು ಬಾಳುವ ಜಾಗವನ್ನು ಊರು ಎನ್ನುತ್ತೇವೆ. ಆದರೆ ಇಂದಿನ ಕಾಗುಣಿತ ಒಂದೇ ಎಂದು ಇವುಗಳ ಮೂಲವನ್ನೂ ಒಂದು ಮಾಡಬಾರದು: ಹಳಗನ್ನಡದಲ್ಲಿ ನೆಡುವ ‘ಊಱು’ವಿಗೆ ಶಕಟರೇಫವಿತ್ತು, ಗ್ರಾಮವಾಚಿ ‘ಊರ್’ಗೆ ಇರಲಿಲ್ಲ. ಕನ್ನಡದಲ್ಲಿ ಎರಡು ಪದಗಳು ಸವೆದು ಒಂದಾದವು. ಇಂಗ್ಲಿಷಿನಲ್ಲಿ ಒಂದೇ ಪದ ಎರಡು ದಾರಿ ಹಿಡಿಯಿತು.

ಜನರನ್ನು ನೆಡುವ ಪ್ರಯೋಗ ಶುರುವಾದದ್ದು ಐರ್ಲೆಂಡಿನಲ್ಲಿ. ದಂಗೆಯೆದ್ದ ಐರಿಷ್ ದೊರೆಗಳ ಭೂಮಿಯನ್ನು ಮುಟ್ಟುಗೋಲು ಹಾಕಿ, ಅಲ್ಲಿ ಬ್ರಿಟನ್ನಿನ ಒಕ್ಕಲುಗಳನ್ನು ಕೂರಿಸುವ ಯೋಜನೆಗೆ ಸರ್ಕಾರವೇ ಪ್ಲಾಂಟೇಶನ್ ಎಂದಿತು. 1580ರ ದಶಕದ ಮನ್‌ಸ್ಟರ್ ಪ್ಲಾಂಟೇಶನ್, 1609ರ ಅಲ್ಸ್ಟರ್ ಪ್ಲಾಂಟೇಶನ್ ಅಂಥವು. ಮನ್‌ಸ್ಟರಿನಲ್ಲಿ ಸುಮಾರು 40,000 ಎಕರೆ ಪಡೆದ ವಾಲ್ಟರ್ ರಾಲಿಯೇ 1585ರಲ್ಲಿ ಅಮೆರಿಕದ ರೊಅನೋಕ್ ದ್ವೀಪಕ್ಕೆ ಜನರನ್ನು ಕಳಿಸಿದವನು. ಅಟ್ಲಾಂಟಿಕ್ ದಾಟುವ ಹೊತ್ತಿಗೆ ಈ ಪದಕ್ಕೆ ಒಕ್ಕಲೆಬ್ಬಿಸಿದ ಅನುಭವ ಆಗಲೇ ಇತ್ತು.

ಪದ ಸೀಳಿದ್ದು ಅಮೆರಿಕದ ದಡದಲ್ಲಿ. ಯಾರು ಯಾತಕ್ಕೆ ಬಂದರೆಂಬುದೇ ಆ ಸೀಳಿನ ಕಾರಣ.

1607ರಲ್ಲಿ ದಕ್ಷಿಣದ ವರ್ಜೀನಿಯಾದ ಜೇಮ್ಸ್‌ಟೌನಿನಲ್ಲಿ ಇಳಿದವರು 104 ಮಂದಿ, ಎಲ್ಲರೂ ಗಂಡಸರು ಮತ್ತು ಹುಡುಗರು. ಕಳಿಸಿದ್ದು ಲಂಡನ್ನಿನ ವರ್ಜೀನಿಯಾ ಕಂಪನಿ. ಪಾಲುದಾರರಿಗೆ ಬೇಕಿದ್ದದ್ದು ಲಾಭ. ಚಿನ್ನ ಸಿಗಲಿಲ್ಲ, ಹಸಿವು ಮತ್ತು ರೋಗ ಸಿಕ್ಕವು. 1609–10ರ ಚಳಿಗಾಲ ದಾಟಿದವರು ಅರವತ್ತರಷ್ಟು ಮಾತ್ರ. 1612ರ ಸುಮಾರಿಗೆ ಜಾನ್ ರಾಲ್ಫ್ ತಂಬಾಕು ಬೆಳೆದು ತೋರಿಸಿದ ಮೇಲೆ ವಸಾಹತಿನ ದಿಕ್ಕೇ ಬದಲಾಯಿತು. ತಂಬಾಕು ಕೆಲವೇ ವರ್ಷಗಳಲ್ಲಿ ಮಣ್ಣಿನ ಸಾರ ಹೀರುತ್ತದೆ. ಹೊಸ ನೆಲ ಬೇಕೇ ಬೇಕು, ಕೈಗಳು ಬೇಕೇ ಬೇಕು. ಒಬ್ಬ ಆಳಿನ ಹಡಗಿನ ಖರ್ಚು ಕೊಟ್ಟವನಿಗೆ 50 ಎಕರೆ ಎಂಬ ನಿಯಮ 1618ರಲ್ಲಿ ಬಂತು. ಇಂಗ್ಲೆಂಡಿನ ಬಡ ತರುಣರು ನಾಲ್ಕರಿಂದ ಏಳು ವರ್ಷ ದುಡಿಯುವ ಕರಾರಿಗೆ ಸಹಿ ಹಾಕಿ ಬಂದರು. ಹದಿನೇಳನೆಯ ಶತಮಾನದಲ್ಲಿ ಈ ಭಾಗಕ್ಕೆ ಬಂದ ಇಂಗ್ಲಿಷರಲ್ಲಿ ಬಹುಪಾಲು ಇವರೇ. ಅರ್ಧಕ್ಕರ್ಧ ಜನ ಕರಾರು ಮುಗಿಯುವ ಮುನ್ನವೇ ಸಾಯುತ್ತಿದ್ದ ಕಾಲವೂ ಇತ್ತು. ಹಡಗುಗಳು ನದಿಗುಂಟ ಬಂದು ಒಬ್ಬೊಬ್ಬ ಯಜಮಾನನ ಕಟ್ಟೆಯಲ್ಲೇ ಸರಕು ತುಂಬಿಕೊಳ್ಳುತ್ತಿದ್ದುದರಿಂದ ಪೇಟೆ ಬೆಳೆಯಲಿಲ್ಲ. ಮನೆಗಳು ಚದುರಿದವು, ಹಿಡುವಳಿಗಳು ಹಿಗ್ಗಿದವು.

ಉತ್ತರದ ಕಥೆ ಬೇರೆ. ಪ್ಲಿಮತ್ತಿಗೆ ಬಂದವರಲ್ಲಿ ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಸಿಡಿದು, ಹಾಲೆಂಡಿನ ಲೈಡನ್ನಿನಲ್ಲಿ ವರ್ಷಗಟ್ಟಲೆ ಇದ್ದ ಧಾರ್ಮಿಕರಿದ್ದರು. 1630ರಲ್ಲಿ ಜಾನ್ ವಿನ್‌ತ್ರಪ್ ನೇತೃತ್ವದಲ್ಲಿ ಮ್ಯಾಸಚೂಸೆಟ್ಸ್ ಕೊಲ್ಲಿಗೆ ಆ ಚರ್ಚಿನ ಸುಧಾರಣೆ ಬಯಸಿದ ಪ್ಯೂರಿಟನ್ನರು ಬಂದರು. ಆ ದಶಕದಲ್ಲಿ ಬಂದವರು ಸುಮಾರು 20,000. ಹೆಂಡತಿ, ಮಕ್ಕಳು, ಬಂಧುಗಳು, ಕೆಲವೊಮ್ಮೆ ಪಾದ್ರಿಯ ಹಿಂದೆ ಇಡೀ ಸಭೆಯೇ ಹೊರಟು ಬಂತು. ಕಲ್ಲುನೆಲ, ಗಿಡ್ಡ ಬೇಸಿಗೆ. ರಫ್ತಿಗೆ ಒದಗುವ ದೊಡ್ಡ ಬೆಳೆಯಿಲ್ಲ. ಭೂಮಿ ಸಿಕ್ಕಿದ್ದು ಗುಂಪಿಗೆ. ಗುಂಪು ಅದನ್ನು ಮನೆಮನೆಗೆ ಹಂಚಿಕೊಂಡಿತು. ನಡುವೆ ಸಭಾಮಂದಿರ, ಸುತ್ತ ಮನೆ, ಆಚೆಗೆ ಹೊಲ. ಐವತ್ತು ಮನೆಗಳಿದ್ದರೆ ಓದು ಕಲಿಸುವವನೊಬ್ಬ ಇರಲೇಬೇಕೆಂದು 1647ರ ಕಾನೂನು ಹೇಳಿತು. ಇಂಥ ನೆಲೆ ಎಳೆಯದಿರುವಾಗ ಪ್ಲಾಂಟೇಶನ್, ಬೇರು ಹಿಡಿದ ಮೇಲೆ ಟೌನ್. ಉತ್ತರದಲ್ಲಿ ಪ್ಲಾಂಟೇಶನ್ ಬೆಳೆದು ಊರಾಯಿತು.

ಮ್ಯಾಸಚೂಸೆಟ್ಸ್ ಹೊರದಬ್ಬಿದ ರೋಜರ್ ವಿಲಿಯಮ್ಸ್ 1636ರಲ್ಲಿ ಪ್ರಾವಿಡೆನ್ಸ್ ಕಟ್ಟಿದ. ಆತ್ಮಸಾಕ್ಷಿಯ ಸ್ವಾತಂತ್ರ್ಯ ಅದರ ತಳಹದಿ. 1663ರ ಸನ್ನದು ಆ ವಸಾಹತನ್ನು ‘ರೋಡ್ ಐಲೆಂಡ್ ಮತ್ತು ಪ್ರಾವಿಡೆನ್ಸ್ ಪ್ಲಾಂಟೇಶನ್ಸ್’ ಎಂದು ಕರೆಯಿತು. 1681ರಲ್ಲಿ ವಿಲಿಯಂ ಪೆನ್ ಪಡೆದ ಪೆನ್ಸಿಲ್ವೇನಿಯಾ ಕ್ವೇಕರ್ ಪಂಥದವರಿಗೂ ಜರ್ಮನ್ ರೈತರಿಗೂ ಗೋಧಿಯ ನಾಡಾಯಿತು. 1696ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಮಂಡಳಿಯ ಹೆಸರಿನಲ್ಲಿ ವಾಣಿಜ್ಯದ ಜೊತೆ ಪ್ಲಾಂಟೇಶನ್‌ಗಳೂ ಇದ್ದವು. ಆ ಕಚೇರಿಗೆ ಬಾಸ್ಟನ್ನೂ ಒಂದೇ, ಬಾರ್ಬಡೋಸೂ ಒಂದೇ.

ನೆಲದ ಮೇಲೆ ಮಾತ್ರ ಹಾಗಿರಲಿಲ್ಲ. ಬಾರ್ಬಡೋಸ್ ದ್ವೀಪದಲ್ಲಿ 1640ರ ದಶಕದಿಂದ ಕಬ್ಬು ಹಬ್ಬಿ, ಆಫ್ರಿಕದಿಂದ ಸೆರೆಹಿಡಿದು ತಂದವರ ದುಡಿಮೆಯ ಮೇಲೆ ಸಿರಿವಂತಿಕೆ ನಿಂತಿತು. 1670ರಲ್ಲಿ ಶುರುವಾದ ಕೆರೊಲಿನಾದ ಚಾರ್ಲ್ಸ್ ಟೌನಿಗೆ ಬಂದವರಲ್ಲಿ ಅನೇಕರು ಆ ದ್ವೀಪದವರು. ಆ ವ್ಯವಸ್ಥೆಯನ್ನೂ ಅವರು ಜೊತೆಗೇ ತಂದರು. ಕೆರೊಲಿನಾದಲ್ಲಿ ಭತ್ತ ಅದರ ಬೆಳೆಯಾಯಿತು. ವರ್ಜೀನಿಯಾಕ್ಕೆ 1619ರಲ್ಲೇ ಆಫ್ರಿಕನ್ನರನ್ನು ತರಲಾಗಿತ್ತು. ತಾಯಿ ದಾಸಿಯಾದರೆ ಮಗುವೂ ದಾಸ್ಯಕ್ಕೇ ಹುಟ್ಟಿದಂತೆ ಎಂದು 1662ರ ಕಾನೂನು ಗಂಟು ಹಾಕಿತು. ಸಾಲಗಾರರಿಗೂ ಬಡವರಿಗೂ ಹೊಸ ಬದುಕೆಂದು 1733ರಲ್ಲಿ ಹುಟ್ಟಿದ ಜಾರ್ಜಿಯಾ ಗುಲಾಮಗಿರಿಯನ್ನು ನಿಷೇಧಿಸಿತ್ತು. 1751ರ ಹೊತ್ತಿಗೆ ಆ ನಿಷೇಧವೂ ಬಿದ್ದುಹೋಯಿತು.

ಹೀಗೆ ಕ್ರಿಯಾಪದ ಹಾಗೇ ಉಳಿದು ಅದರ ಕರ್ಮಪದ ಬದಲಾಯಿತು. ಮೊದಲು ನೆಟ್ಟದ್ದು ಜನರನ್ನು, ಆಮೇಲೆ ತಂಬಾಕು, ಭತ್ತ, ಕಬ್ಬನ್ನು. ಪ್ಲಾಂಟರ್ ಎಂದರೆ ವಲಸಿಗ ಎಂಬ ಅರ್ಥ ಸವೆದು ನೂರಾರು ಎಕರೆಯ ಒಡೆಯ ಎಂಬ ಅರ್ಥ ನಿಂತಿತು. ದಿನವಿಡೀ ನಿಜವಾಗಿ ನೆಡುತ್ತಿದ್ದವರಿಗೆ ಆ ಹೆಸರು ಎಂದೂ ಸಿಗಲಿಲ್ಲ.

ಹಾಗೆಂದು ಉತ್ತರದ ಅರ್ಥ ನಿರ್ಮಲವಾದದ್ದೇನೂ ಅಲ್ಲ. ಪ್ಲಿಮತ್ ಎದ್ದ ಜಾಗದಲ್ಲಿ ಅದಕ್ಕೆ ಮುಂಚೆ ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಊರಿತ್ತು. ಹಿಂದಿನ ವರ್ಷಗಳಲ್ಲಿ ಯುರೋಪಿಯನ್ನರ ಸಂಪರ್ಕದಿಂದ ಹರಡಿದ ಸಾಂಕ್ರಾಮಿಕ ರೋಗ ಅದನ್ನು ಬರಿದು ಮಾಡಿತ್ತು. ಆ ಜನ ಹದಮಾಡಿಟ್ಟ ಹೊಲಗಳ ಮೇಲೆಯೇ ಹೊಸಬರು ನೆಲೆಯೂರಿದರು. ‘ಪ್ಲಾಂಟೇಶನ್‌ಗಳ ಬಗ್ಗೆ’ ಎಂದು ಪ್ರಬಂಧ ಬರೆದ ಫ್ರಾನ್ಸಿಸ್ ಬೇಕನ್, ಇರುವವರನ್ನು ಕೀಳದೆ ನೆಡಬಹುದಾದ ನೆಲವೇ ಒಳ್ಳೆಯದು ಎಂದ. ಅಂಥ ನೆಲ ವರ್ಜೀನಿಯಾದಲ್ಲೂ ಇರಲಿಲ್ಲ, ಮ್ಯಾಸಚೂಸೆಟ್ಸಿನಲ್ಲೂ ಇರಲಿಲ್ಲ.

ಹಳೆಯ ಅರ್ಥ ಇನ್ನೂ ಪೂರ್ತಿ ಅಳಿದಿಲ್ಲ. ಮೇನ್ ರಾಜ್ಯದಲ್ಲಿ ಟೌನ್ ಆಗದ ಸಣ್ಣ ಸ್ಥಳೀಯ ಆಡಳಿತ ಘಟಕಕ್ಕೆ ಇಂದಿಗೂ ಪ್ಲಾಂಟೇಶನ್ ಎಂದೇ ಹೆಸರು. ಆದರೆ ರೋಡ್ ಐಲೆಂಡಿನ ಜನ 2020ರ ನವೆಂಬರಿನಲ್ಲಿ ಮತ ಹಾಕಿ ತಮ್ಮ ರಾಜ್ಯದ ಅಧಿಕೃತ ಹೆಸರಿನಿಂದ ಈ ಪದವನ್ನು ತೆಗೆದರು. ಅಲ್ಲಿ ಅದರ ಅರ್ಥ ವಸಾಹತು ಮಾತ್ರ ಎಂಬ ವಾದ ನಿಘಂಟಿನ ಪ್ರಕಾರ ಸರಿ. ಆದರೂ ಆ ಮತದಾರರ ತೀರ್ಮಾನ ನ್ಯಾಯವೆಂದೇ ನನಗನಿಸುತ್ತದೆ. ಗುಲಾಮರ ವ್ಯಾಪಾರಕ್ಕೆ ನ್ಯೂಪೋರ್ಟ್ ಬಂದರಿನಿಂದ ಹಡಗುಗಳು ಹೊರಟ ನಾಡು ಅದು. ನ್ಯಾರಗ್ಯಾನ್ಸೆಟ್ ಸೀಮೆಯಲ್ಲಿ ಗುಲಾಮರನ್ನು ದುಡಿಸಿದ ದೊಡ್ಡ ಹಿಡುವಳಿಗಳೂ ಇದ್ದವು. ಪದದ ಮೊದಲ ಅರ್ಥ ಅದರ ನಂತರದ ಬಾಳನ್ನು ತೊಳೆಯಲಾರದು.

ನಮ್ಮ ಮಲೆನಾಡಿಗೆ ಈ ಪದ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಬ್ರಿಟಿಷ್ ಕಾಫಿ ಯಜಮಾನರ ಜೊತೆ. ಬರುವಾಗ ಅದಕ್ಕಿದ್ದದ್ದು ಅಮೆರಿಕದ ದಕ್ಷಿಣದ ಅರ್ಥವೇ. ಒಡೆಯ ಪ್ಲಾಂಟರ್ ಆದ, ದುಡಿಯುವವರು ಲೈನ್‌ಮನೆ ಸೇರಿದರು. ಆ ದುಡಿಮೆಗಾರರ ವಸತಿ, ವೈದ್ಯಕೀಯ ನೆರವು ಹಕ್ಕಾಗಲು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯೇ ಬರಬೇಕಾಯಿತು. ಪದ ಮರೆತಿದ್ದ ಕಾರ್ಮಿಕರು ಅದರ ಪಕ್ಕದಲ್ಲಿ ನಿಂತದ್ದು ಆ ಕಾಯಿದೆಯ ಹೆಸರಿನಲ್ಲಿ. ಇಂಗ್ಲಿಷ್ ವಸಾಹತುಗಳ ಚರಿತ್ರೆ ಓದುವಾಗಲೂ ಹಾಗೆಯೇ ಓದಬೇಕು: ಪ್ಲಾಂಟೇಶನ್ ಎಂಬ ಮಾತು ಬಂದ ಕಡೆಯೆಲ್ಲ ನೆಟ್ಟವರು ಯಾರು, ನೆಡಿಸಿದವರು ಯಾರು, ಅದಕ್ಕಾಗಿ ಕಿತ್ತದ್ದು ಯಾರನ್ನು ಎಂದು ಕೇಳಿದರೆ, ಉತ್ತರ ದಕ್ಷಿಣಗಳ ವ್ಯತ್ಯಾಸವೂ ತಿಳಿಯುತ್ತದೆ, ಎರಡರ ಕೆಳಗಿನ ಸಮಾನ ನೆಲವೂ ಕಾಣುತ್ತದೆ.